ಸೈಕಲ್ ಕಡ್ಡಿಯ ದೋಣಿ: ನನ್ನ ಅನುಭವ

ಮಗಳ ಶಾಲೆಯ ವಸ್ತುಪ್ರದರ್ಶನಕ್ಕೆ ಮೋಟಾರಿನಿಂದ ಓಡುವ ಪುಟ್ಟ ದೋಣಿ ಮಾಡಲು ಹೊರಟಿದ್ದೆ. "ದೊಡ್ಡ ಮೋಟಾರ್ ಹಾಕದೆ ಇದು ಓಡಲ್ಲ" ಅಂತ ಅಂಗಡಿಗೆ ಬಂದವರೆಲ್ಲ ಹೇಳಿ ಹೋದರು. ಮಗಳ ಮೇಷ್ಟ್ರು, "ಆನ್‌ಲೈನಲ್ಲಿ ಆಟದ ದೋಣಿ ಸಿಗುತ್ತೆ, ತಂದು ಬಣ್ಣ ಬಳಿದುಬಿಡಿ" ಅಂದರು. ಕೋಲಾರದಲ್ಲಿ ಇಪ್ಪತ್ತು ವರ್ಷದಿಂದ ಮಿಕ್ಸಿ, ಫ್ಯಾನ್ ಮೋಟಾರ್ ಕಟ್ಟುತ್ತಿರುವವನಿಗೆ ಈ ಮಾತು! ಸುಮ್ನೆ ಇರೋಕಾಗುತ್ತಾ?

ಮೊದಲು ಥರ್ಮೊಕೋಲ್, 130 ಸೈಜಿನ ಆಟಿಕೆ ಮೋಟಾರ್, 9 ವೋಲ್ಟಿನ ಚೌಕ ಬ್ಯಾಟರಿ. ಆ ಬ್ಯಾಟರಿ ಹೆಚ್ಚು ಕರೆಂಟ್ ಕೊಡಲ್ಲ ಅಂತ ಗೊತ್ತಿದ್ದೂ ಹಾಕಿದೆ, ಸೋಮಾರಿತನ. ಒಂದೇ ನಿಮಿಷಕ್ಕೆ ಸುಸ್ತು. ಆಮೇಲೆ ಹಳೇ ಟೇಪ್‌ರೆಕಾರ್ಡರ್ ಮೋಟಾರ್. ಅದರೊಳಗೆ ವೇಗ ಹಿಡಿದಿಡುವ ಗವರ್ನರ್ ಕೂತಿರುತ್ತೆ, ನಿಮಿಷಕ್ಕೆ 2,400 ಸುತ್ತು ದಾಟಲ್ಲ. ಕೊನೆಗೆ ಎಲ್ಲರ ಮಾತಿಗೆ ಬಿದ್ದು ದೊಡ್ಡ ಮೋಟಾರಿನ ಜೊತೆ ಯುಪಿಎಸ್ ಬ್ಯಾಟರಿ ಇಟ್ಟೆ. ಅದೊಂದೇ ಎರಡು ಕೆ.ಜಿ. ಮೇಲಿತ್ತು. ಎಮ್ಮೆ ಕೆರೆಗಿಳಿದ ಹಾಗೆ ಕೂತೇಬಿಟ್ಟಿತು. ಇಷ್ಟರಲ್ಲಿ ಏಳೆಂಟು ನೂರು ರೂಪಾಯಿ ನೀರುಪಾಲು.

ಆಗ ಹಟ ಹಿಡಿದು ತೂಕ ಇಳಿಸಿದೆ. 3 ಮಿ.ಮೀ. ಸನ್‌ಬೋರ್ಡಿನಲ್ಲಿ (ಹಗುರವಾದ ಫೋಮ್ ಹಲಗೆ) 36 ಸೆಂ.ಮೀ. ಉದ್ದದ ದೋಣಿ. ಬೆಂಗಳೂರಿನ ಎಸ್.ಪಿ. ರೋಡಿನಿಂದ ತಂದ 370 ಸೈಜಿನ ಮೋಟಾರ್, ನೂರೈವತ್ತೋ ಏನೋ ಕೊಟ್ಟೆ. ಸತ್ತ ಲ್ಯಾಪ್‌ಟಾಪ್ ಬ್ಯಾಟರಿಯಿಂದ ಬಿಚ್ಚಿ, ಪರೀಕ್ಷೆ ಮಾಡಿ ಆರಿಸಿದ ಎರಡು 18650 ಲಿಥಿಯಂ ಸೆಲ್. ಎಲ್ಲ ಸೇರಿ 300 ಗ್ರಾಂ ಆಸುಪಾಸು. ನೀರು ತಳ್ಳುವ ಹಿಂದಿನ ಫ್ಯಾನನ್ನು ತಿರುಗಿಸುವ ಶಾಫ್ಟಿಗೆ ಸೈಕಲ್ ಕಡ್ಡಿ, ಅದಕ್ಕೆ ಹೊರಕೊಳವೆಯಾಗಿ ರೇಡಿಯೊ ಏರಿಯಲ್ಲಿನ ಒಂದು ತುಂಡು, ಒಳಗೆ ಗಟ್ಟಿ ಗ್ರೀಸ್. ಮೋಟಾರಿಗೂ ಕಡ್ಡಿಗೂ ನಡುವೆ ಮೊದಲು ಸೈಕಲ್ ವಾಲ್ ಟ್ಯೂಬ್ ಸಿಕ್ಕಿಸಿದ್ದೆ, ಎರಡೇ ದಿನಕ್ಕೆ ಹರಿಯಿತು. ವೈರಿಂಗ್ ಕನೆಕ್ಟರ್ ಒಳಗಿನ ಹಿತ್ತಾಳೆ ತುಂಡು ಹಾಕಿದೆ. ಸ್ಕ್ರೂ ಬಿಗಿದರೆ ಮುಗಿಯಿತು, ಇವತ್ತಿಗೂ ಅಲ್ಲಾಡಿಲ್ಲ.

ಪರೀಕ್ಷೆಗೆ ಕೆರೆ ಆಗಲಿಲ್ಲ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಕಳಿಸೋದು) ಬಂದ ಮೇಲೆ ಕೆರೆಯೇನೋ ತುಂಬಿದೆ, ಆದರೆ ಜೊಂಡು ಫ್ಯಾನಿಗೆ ಸುತ್ತಿಕೊಳ್ಳುತ್ತಿತ್ತು. ಬಾಮೈದನ ಕೃಷಿ ಹೊಂಡಕ್ಕೆ ಹೋದೆವು. ಟಾರ್ಪಾಲಿನ್ ಜಾರುತ್ತೆ, ಹಾಗಾಗಿ ಮಗಳನ್ನು ಬೇಲಿಯ ಆಚೆಯೇ ಗಡಿಯಾರ ಕೊಟ್ಟು ನಿಲ್ಲಿಸಿದೆ. ಟೊಮೆಟೊ ಗಿಡ ಕಟ್ಟುವ ದಾರವನ್ನೇ ಅಡ್ಡ ಎಳೆದು, ದೋಣಿಗೆ ಎರಡು ಪಿನ್ನು ಚುಚ್ಚಿ ಅದರ ಮೇಲೆ ಓಡಿಸಿದೆ. ರಿಮೋಟ್ ಖರ್ಚು ಉಳಿಯಿತು.

10 ಮೀಟರಿಗೆ 11 ಸೆಕೆಂಡು! "ಭಾವ, ಟೊಮೆಟೊ ಕ್ರೇಟ್ ಬಿಟ್ಟರೂ ಇದಕ್ಕಿಂತ ಜೋರಾಗಿ ಹೋಗುತ್ತೆ" ಅಂದ ಬಾಮೈದ.

ಫ್ಯಾನ್ ಬದಲಿಸಿದೆ. ಎಣ್ಣೆ ಡಬ್ಬಿ ತಗಡಿನದು ಬಾಗಿತು. 40 ಮಿ.ಮೀ. ಪ್ಲಾಸ್ಟಿಕ್‌ನದು ಮೋಟಾರನ್ನು ಮುಟ್ಟಲಾಗದಷ್ಟು ಕಾಯಿಸಿತು. 32ರದ್ದು ಸರಿಹೋಯಿತು, ಆದರೂ 9 ಸೆಕೆಂಡು. ನಡುವೆ ಡ್ರೋನಿನ ರೆಕ್ಕೆಯನ್ನು ದೋಣಿಯ ಮೇಲೆ ಕೂರಿಸಿ ಗಾಳಿ ತಳ್ಳಿಯೂ ಓಡಿಸಿ ನೋಡಿದೆ. ಚೆನ್ನಾಗೇ ಹೋಯಿತು, ಆದರೆ ಮಕ್ಕಳ ಬೆರಳು ನೆನೆದು ತೆಗೆದುಬಿಟ್ಟೆ. ತಳಕ್ಕೆ ಮೇಣ ಉಜ್ಜಿದೆ, ಏನೂ ಫಲವಿಲ್ಲ.

ತಪ್ಪು ನನ್ನ ಕೈಯಲ್ಲೇ ಇತ್ತು. ಅಂದ ಕಾಣಲಿ ಅಂತ ಹಿಂದಿನ ತಳದ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ದುಂಡಗೆ ಮಾಡಿದ್ದೆ. ನೀರು ಆ ದುಂಡಿಗೆ ಅಂಟಿಕೊಂಡು ಬಾಲವನ್ನು ಕೆಳಕ್ಕೆ ಎಳೆಯುತ್ತಿತ್ತು. ಹಳೇ ಎಟಿಎಂ ಕಾರ್ಡ್ ಕತ್ತರಿಸಿ ಅಂಚಿಗೆ ಅಂಟಿಸಿದೆ, ಚಾಕುವಿನ ಹಾಗೆ ಚೂಪಾಯಿತು. ಸೆಲ್‌ಗಳನ್ನು ಎರಡು ಬೆರಳು ಹಿಂದೆ ಸರಿಸಿದೆ. ಇನ್ನೂ ಹಿಂದಕ್ಕೆ ತಳ್ಳಿದರೆ ಕಪ್ಪೆ ಥರ ಕುಪ್ಪಳಿಸುತ್ತೆ, ನೋಡಿಕೊಳ್ಳಿ. ಫ್ಯಾನಿನ ರೆಕ್ಕೆಗೂ ಸ್ವಲ್ಪ ಅರ ಹಾಕಿದ್ದೇನೆ. ಎಲ್ಲಿ, ಎಷ್ಟು ಅನ್ನೋದು ಅಂಗಡಿ ಗುಟ್ಟು.

ಬಿಟ್ಟ ತಕ್ಷಣ ಮೂಗೆತ್ತಿತು, ನೀರಿನ ಮೇಲೆದ್ದು ಸುಯ್ ಅಂತ ಹೋಗಿ ಆಚೆ ದಡದ ಟಾರ್ಪಾಲಿನ್ ಹತ್ತಿತು. ಮಗಳು ಗಡಿಯಾರ ಒತ್ತೋದನ್ನೇ ಮರೆತಳು. ಇನ್ನೊಂದು ಸಲ ಬಿಟ್ಟೆವು: 4 ಸೆಕೆಂಡು, ಅಂದರೆ ಗಂಟೆಗೆ 9 ಕಿ.ಮೀ. ಅದೇ ಮೋಟಾರ್, ಅವೇ ಸೆಲ್.

ಒಟ್ಟು ಖರ್ಚು 1,400ರ ಹತ್ತಿರ. ಹಾಳು ಮಾಡಿದ್ದನ್ನು ಬಿಟ್ಟರೆ ದೋಣಿಯದ್ದು ಆರುನೂರೇ. ವಸ್ತುಪ್ರದರ್ಶನದಲ್ಲಿ ಎರಡನೇ ಬಹುಮಾನ ಬಂತು. ಮೇಷ್ಟ್ರು ದೋಣಿಯನ್ನು ಶಾಲೆಯಲ್ಲೇ ಇಟ್ಟುಕೊಳ್ಳುತ್ತೇನೆ ಅಂದರು. ಇಟ್ಟುಕೊಳ್ಳಿ ಸಾರ್ ಅಂದೆ. ಸೆಲ್ ಮಾತ್ರ ಬಿಚ್ಚಿಕೊಂಡು ಬಂದೆ, ಟಾರ್ಚಿಗೆ ಬೇಕಿತ್ತು.