ಫ್ರಾನ್ಸಿನ ಹಳ್ಳಿ, ಕಡಲಿಗೆ ಮೊದಲ ಪ್ರವಾಸ: ಹುಣ್ಣಿಮೆ, ಅಮಾವಾಸ್ಯೆ ನೋಡಿ ದಿನ ಗೊತ್ತುಮಾಡಿ

ನಮ್ಮ ಕಡೆಯಿಂದ ಫ್ರಾನ್ಸಿಗೆ ಹೋದವರು ಹೆಚ್ಚಾಗಿ ಐಫೆಲ್ ಟವರ್ ಮುಂದೆ ಫೋಟೊ ತೆಗೆಸಿಕೊಂಡು, ಮರುದಿನವೇ ಸ್ವಿಟ್ಜರ್ಲೆಂಡ್ ಬಸ್ಸು ಹತ್ತುತ್ತಾರೆ. ಅಷ್ಟು ದೂರ ಹೋಗಿ ಒಂದು ಹಳ್ಳಿಯನ್ನೂ ನೋಡದೆ ಬರುವುದು ನನಗೆ ಬೇಸರದ ಸಂಗತಿ. ಪ್ಯಾರಿಸ್‌ನಿಂದ ರೈಲಿನಲ್ಲಿ ಎರಡೂವರೆ ಗಂಟೆ ಪಶ್ಚಿಮಕ್ಕೆ ಹೋಗಿ ನೋಡಿ. ಸೇಬಿನ ತೋಟ, ಹಸು ಮೇಯುವ ಹುಲ್ಲುಗಾವಲು, ಕಲ್ಲಿನ ಮನೆಗಳ ಊರು, ಅದರಾಚೆ ಕಡಲು. ಇದು ನಾರ್ಮಂಡಿ, ಅದರ ಪಕ್ಕದ್ದು ಬ್ರಿಟನಿ. ಏಳು ರಾತ್ರಿ ಸಾಕು. ಕಾರು ಬೇಡ, ಟೂರ್ ಕಂಪನಿಯೂ ಬೇಡ. ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

1. ವಿಮಾನದ ದರ ನೋಡುವ ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ

ಮಲ್ಪೆ, ಕಾರವಾರದ ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ, ಎರಡು ಮೀಟರ್ ವ್ಯತ್ಯಾಸ ಇರುತ್ತದೆ. ನಾವು ಹೋಗಲಿರುವ ಮೋಂ ಸ್ಯಾಂ ಮಿಶೆಲ್ ಕೊಲ್ಲಿಯೊಳಗಿನ ಒಂದು ಬಂಡೆಗುಡ್ಡ, ಅದರ ತುದಿಯಲ್ಲಿ ಹಳೆಯ ಕ್ರೈಸ್ತ ಮಠವಿದೆ. ಆ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನ ಈ ವ್ಯತ್ಯಾಸ 14 ಮೀಟರ್ ಹತ್ತಿರ ಹೋಗುತ್ತದೆ. ಅಂದರೆ ನಾಲ್ಕು ಮಹಡಿ ಮನೆಯಷ್ಟು ನೀರು ಆರು ಗಂಟೆಯೊಳಗೆ ಏರುತ್ತದೆ. ಅಟ್ಲಾಂಟಿಕ್‌ನಿಂದ ಇಂಗ್ಲಿಷ್ ಕಾಲುವೆಗೆ ನುಗ್ಗುವ ನೀರಿಗೆ ಕೊತಾಂತಾಂ ಎಂಬ ಭೂಚಾಚು ಅಡ್ಡ ನಿಂತಿದೆ. ಮುಂದೆ ಹೋಗಲು ಜಾಗ ಸಾಲದೆ ನೀರು ಆ ಮೂಲೆಯಲ್ಲಿ ಒತ್ತಾಗಿ ಏರುತ್ತದೆ. ಕೊಲ್ಲಿಯ ತಳ ಸಪಾಟಾಗಿರುವುದರಿಂದ ಇಳಿಯುವಾಗ ಕಿಲೋಮೀಟರ್‌ಗಟ್ಟಲೆ ಮರಳು ಬಿಟ್ಟು ಹೋಗುತ್ತದೆ.

ದೊಡ್ಡ ಉಬ್ಬರ ಬರುವುದು ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ. ಅಷ್ಟಮಿ ಕಳೆದ ಮೇಲೆ ಏರಿಳಿತ ತೀರಾ ಕಡಿಮೆ. ಫ್ರಾನ್ಸಿನಲ್ಲಿ ಪ್ರತಿ ದಿನದ ಉಬ್ಬರಕ್ಕೂ 20ರಿಂದ 120ರವರೆಗೆ ಒಂದು ಅಂಕ ಕೊಡುತ್ತಾರೆ. ಅದಕ್ಕೆ ಅವರು ಹೇಳುವುದು ‘ಕೊಎಫಿಸ್ಯಾಂ’. ವರ್ಷದ ಪಟ್ಟಿ ಇಂಟರ್‌ನೆಟ್ಟಿನಲ್ಲಿ ಮೊದಲೇ ಸಿಗುತ್ತದೆ. 70 ಸಾಧಾರಣ. 90 ದಾಟಿದರೆ ನೋಡಲು ಚೆನ್ನ. 110 ದಾಟಿದರೆ ಮೋಂ ಸ್ಯಾಂ ಮಿಶೆಲ್ ಸ್ವಲ್ಪ ಹೊತ್ತು ನಿಜಕ್ಕೂ ದ್ವೀಪವಾಗುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಈ ದೊಡ್ಡ ಉಬ್ಬರದ ದಿನಗಳಲ್ಲಿ ಇಲ್ಲಿ ನೀರು ತುಂಬುವುದು ಬೆಳಿಗ್ಗೆ ಮತ್ತು ಸಂಜೆ. ಮಧ್ಯಾಹ್ನ ಬರೀ ಮರಳು. ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ಬಂದು ಹೋಗುವವರು ನೋಡುವುದು ಆ ಮರಳನ್ನೇ. ರಾತ್ರಿ ಅಲ್ಲೇ ಉಳಿದವರಿಗೆ ಮಾತ್ರ ನೀರು ಸಿಗುತ್ತದೆ. ಹಾಗಾಗಿ ಮೊದಲು ಆ ಒಂದು ರಾತ್ರಿಯನ್ನು ಗೊತ್ತುಮಾಡಿ. ಉಳಿದ ದಿನಗಳನ್ನು ಅದರ ಹಿಂದೆ ಮುಂದೆ ಜೋಡಿಸಿ.

ತಿಂಗಳು ಯಾವುದು? ಜೂನ್ ಒಳ್ಳೆಯದು, ಕತ್ತಲಾಗುವುದು ರಾತ್ರಿ ಹತ್ತರ ಮೇಲೆ. ನನ್ನ ಆಯ್ಕೆ ಮಾತ್ರ ಸೆಪ್ಟೆಂಬರ್. ಕಡಲ ನೀರು ಬೇಸಿಗೆಯಿಡೀ ಕಾದಿರುತ್ತದೆ, ಜನ ಕಡಿಮೆ, ಹಗಲು ರಾತ್ರಿ ಸಮನಾಗುವ ಆ ದಿನಗಳಲ್ಲಿ ಉಬ್ಬರವೂ ಜೋರು. ಮಕ್ಕಳ ದಸರಾ ರಜೆ ಸೆಪ್ಟೆಂಬರ್ ಕೊನೆಗೆ ಬಂದರೆ ಬಿಡಬೇಡಿ. ಜುಲೈ ಮಧ್ಯದಿಂದ ಆಗಸ್ಟ್ ಮುಗಿಯುವವರೆಗೆ ಫ್ರೆಂಚರೇ ರಜೆಯಲ್ಲಿ ಇಲ್ಲಿಗೆ ಬರುತ್ತಾರೆ. ಆಗ ರೂಮು ಸಿಗುವುದೂ ಕಷ್ಟ, ಬೆಲೆಯೂ ಜಾಸ್ತಿ.

2. ವೀಸಾ

ಬೇಕಿರುವುದು ಶೆಂಗೆನ್ ವೀಸಾ, ಅಂದರೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ವೀಸಾ. ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು, ಆದರೆ ಅಲ್ಲಿಯವರೆಗೆ ಕಾಯಬೇಡಿ. ಎರಡು ಮೂರು ತಿಂಗಳು ಕೈಯಲ್ಲಿರಲಿ. ಫ್ರಾನ್ಸ್ ವೀಸಾ ವೆಬ್‌ಸೈಟಿನಲ್ಲಿ ಅರ್ಜಿ ತುಂಬಿ, ವೀಸಾ ಅರ್ಜಿ ತೆಗೆದುಕೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ದಿನ ಗೊತ್ತುಮಾಡಿಕೊಂಡು, ಅಲ್ಲಿಗೇ ಹೋಗಿ ಬೆರಳಚ್ಚು ಕೊಡಬೇಕು. ದೊಡ್ಡವರಿಗೆ ಶುಲ್ಕ 90 ಯೂರೊ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಕೇಂದ್ರದ ಸೇವಾಶುಲ್ಕ ಬೇರೆ.

ಪಾಸ್‌ಪೋರ್ಟ್ ನೀವು ವಾಪಸ್ ಹೊರಡುವ ದಿನದಿಂದ ಇನ್ನೂ ಮೂರು ತಿಂಗಳು ನಡೆಯುವಂತಿರಬೇಕು. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಚೀಟಿ, ತೆರಿಗೆ ರಿಟರ್ನ್, ಆಫೀಸಿನ ರಜಾಪತ್ರ, ಇವೆಲ್ಲ ಬೇಕು. ಹೋಟೆಲ್‌ಗಳನ್ನು ರದ್ದು ಮಾಡಬಹುದಾದ ಬುಕಿಂಗ್‌ನಲ್ಲಿ ಹಿಡಿಯಿರಿ. ಪ್ರತಿ ರಾತ್ರಿ ಎಲ್ಲಿರುತ್ತೀರಿ ಎಂದು ಒಂದು ಪುಟದಲ್ಲಿ ಬರೆದಿಡಿ. ಆ ಪುಟಕ್ಕೂ ಹೋಟೆಲ್ ಬುಕಿಂಗಿಗೂ ತಾಳೆಯಾಗಬೇಕು.

3. ಮೂರು ಊರು, ಒಂದು ಸುತ್ತು

ಬಾಯೊದಲ್ಲಿ ಮೂರು ರಾತ್ರಿ, ಮೋಂ ಸ್ಯಾಂ ಮಿಶೆಲ್‌ನಲ್ಲಿ ಒಂದು, ಸ್ಯಾಂ ಮಾಲೊದಲ್ಲಿ ಎರಡು, ಕೊನೆಯದು ಪ್ಯಾರಿಸ್. ಇದಕ್ಕಿಂತ ಜಾಸ್ತಿ ಊರು ಸೇರಿಸಬೇಡಿ. ಎತ್ರೆತಾದ ಸುಣ್ಣಕಲ್ಲಿನ ಬಂಡೆ, ಓಂಫ್ಲರ್ ಬಂದರು, ಚಿತ್ರಕಾರ ಮೋನೆಯ ತೋಟ ಇರುವ ಝಿವರ್ನಿ, ಎಲ್ಲವೂ ಚೆಂದವೇ. ಆದರೆ ಎಲ್ಲವನ್ನೂ ತುರುಕಿದರೆ ಅರ್ಧ ಪ್ರವಾಸ ಸೂಟ್‌ಕೇಸ್ ಎಳೆಯುವುದರಲ್ಲೇ ಮುಗಿಯುತ್ತದೆ.

ಬೆಂಗಳೂರಿನಿಂದ ಪ್ಯಾರಿಸ್‌ಗೆ ನೇರ ವಿಮಾನವಿದೆ. ಪ್ಯಾರಿಸ್‌ನ ಸ್ಯಾಂ ಲಜಾರ್ ನಿಲ್ದಾಣದಿಂದ ಬಾಯೊಗೆ ರೈಲು, ಸುಮಾರು ಎರಡೂಕಾಲು ಗಂಟೆ. ಟಿಕೆಟ್ ಹುಡುಕುವಾಗ ಊರಿನ ಹೆಸರನ್ನು ಬಿ, ಎ, ವೈ, ಇ, ಯು, ಎಕ್ಸ್ ಎಂದು ಟೈಪ್ ಮಾಡಿ. ವಿಮಾನ ಇಳಿಯುವುದಕ್ಕೂ ರೈಲು ಹೊರಡುವುದಕ್ಕೂ ನಡುವೆ ನಾಲ್ಕು ಗಂಟೆ ಇಟ್ಟುಕೊಳ್ಳಿ. ಗಡಿ ತಪಾಸಣೆಯಲ್ಲಿ ಈಗ ಬೆರಳಚ್ಚು, ಫೋಟೊ ತೆಗೆದುಕೊಳ್ಳುವ ಹೊಸ ವ್ಯವಸ್ಥೆ ಬಂದಿದೆ. ಸಾಲು ಉದ್ದವಿರಬಹುದು.

ಬಾಯೊದಿಂದ ಪೊಂತೊರ್ಸೋಂಗೆ ಹೋಗುವ ರೈಲು ದಿನಕ್ಕೆ ಕೆಲವೇ ಕೆಲವು. ಈ ಇಡೀ ಯೋಜನೆಯ ಸೂಕ್ಷ್ಮ ಜಾಗ ಇದೇ. ಮೊದಲು ಆ ರೈಲಿನ ಸಮಯ ನೋಡಿ, ಆಮೇಲೆ ಹೋಟೆಲ್ ಹಿಡಿಯಿರಿ. ಪೊಂತೊರ್ಸೋಂನಿಂದ ಮೋಂ ಸ್ಯಾಂ ಮಿಶೆಲ್ ಒಂಬತ್ತು ಕಿಲೋಮೀಟರ್, ಬಸ್ಸಿದೆ. ಅಲ್ಲಿಂದ ಮತ್ತೆ ಪೊಂತೊರ್ಸೋಂಗೆ ಬಂದು, ದೊಲ್ ಎಂಬಲ್ಲಿ ರೈಲು ಬದಲಿಸಿದರೆ ಸ್ಯಾಂ ಮಾಲೊ. ಸ್ಯಾಂ ಮಾಲೊದಿಂದ ಪ್ಯಾರಿಸ್‌ಗೆ ಟಿಜಿವಿ ಎಂಬ ವೇಗದ ರೈಲು. ಇದರ ಟಿಕೆಟ್ ಬೆಲೆ ದಿನ ಹತ್ತಿರವಾದಂತೆ ಏರುತ್ತದೆ, ವೀಸಾ ಕೈಗೆ ಬಂದ ಕೂಡಲೇ ಕೊಳ್ಳಿ.

4. ಬಾಯೊ: ಹಳ್ಳಿಯ ರುಚಿ ಇಲ್ಲಿಂದಲೇ

ಎರಡನೇ ಮಹಾಯುದ್ಧದಲ್ಲಿ, 1944ರ ಜೂನ್ 6ರಂದು ಮಿತ್ರಪಡೆಗಳು ಈ ದಡಕ್ಕೆ ಇಳಿದವು. ಮರುದಿನವೇ ಬಾಯೊ ಜರ್ಮನರ ಹಿಡಿತದಿಂದ ಬಿಡುಗಡೆಯಾಯಿತು. ಸುತ್ತಲಿನ ಎಷ್ಟೋ ಊರುಗಳು ಬಾಂಬಿಗೆ ನೆಲಸಮವಾದರೂ ಇದು ಉಳಿಯಿತು. ಹಳೆಯ ಮರದ ಚೌಕಟ್ಟಿನ ಮನೆಗಳು, ನೀರಿನ ಗಿರಣಿ, 1077ರಲ್ಲಿ ಪ್ರತಿಷ್ಠೆಯಾದ ಕ್ಯಾಥೆಡ್ರಲ್, ಎಲ್ಲ ನಡೆದೇ ನೋಡಬಹುದು. ಶನಿವಾರ ಬೆಳಿಗ್ಗೆ ಸಂತೆ ಇರುತ್ತದೆ. ಬೆಣ್ಣೆ, ಚೀಸ್, ಸೇಬು ಮಾರಲು ರೈತರೇ ಬಂದಿರುತ್ತಾರೆ. ಸಾಧ್ಯವಾದರೆ ಆ ಶನಿವಾರ ತಪ್ಪಿಸಬೇಡಿ.

ಒಂದು ಎಚ್ಚರಿಕೆ. ಬಾಯೊ ಎಂದರೆ ಎಲ್ಲರೂ ಹೇಳುವುದು 11ನೇ ಶತಮಾನದ, ಸುಮಾರು 70 ಮೀಟರ್ ಉದ್ದದ ಕಸೂತಿ ಬಟ್ಟೆ. ಅದರ ಮ್ಯೂಸಿಯಂ ಹೊಸದಾಗಿ ಕಟ್ಟಲು 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಮತ್ತೆ ತೆರೆಯುವುದು 2027ರಲ್ಲಿ ಎಂದು ಹೇಳಿದ್ದಾರೆ. ಅದಕ್ಕೆಂದೇ ಹೋಗುವವರು ತೆರೆದಿದೆಯೇ ಎಂದು ನೋಡಿಕೊಂಡು ಹೊರಡಿ.

ಇಲ್ಲಿಂದ ಹತ್ತು ಕಿಲೋಮೀಟರ್ ದೂರದ ಆರೊಮಾಂಶ್‌ಗೆ ಬಸ್ಸಿನಲ್ಲಿ ಹೋಗಿ. ಯುದ್ಧಕಾಲದಲ್ಲಿ ಕಡಲಿಗೆ ತೇಲಿಸಿ ತಂದು ಜೋಡಿಸಿದ ಕೃತಕ ಬಂದರಿನ ಕಾಂಕ್ರೀಟ್ ಪೆಟ್ಟಿಗೆಗಳು ಇನ್ನೂ ನೀರಿನಲ್ಲಿ ನಿಂತಿವೆ. ಇಳಿತದ ಹೊತ್ತಿಗೆ ಹೋದರೆ ಮರಳಿನ ಮೇಲೆ ನಡೆದು ಕೆಲವನ್ನು ಮುಟ್ಟಬಹುದು. ಬಾಯೊ ಊರಿನ ಅಂಚಿನಲ್ಲೇ ಕಾಮನ್‌ವೆಲ್ತ್ ಸೈನಿಕರ 4,000ಕ್ಕೂ ಹೆಚ್ಚು ಸಮಾಧಿಗಳಿವೆ. ಕಲ್ಲುಗಳ ಮೇಲಿನ ವಯಸ್ಸುಗಳನ್ನು ಓದುತ್ತಾ ಹೋದರೆ ಮಾತು ನಿಂತುಹೋಗುತ್ತದೆ. ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು.

5. ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಅಂಗಡಿಗೆ ಕಾಲಿಟ್ಟ ಕೂಡಲೇ ‘ಬೋಂಜೂರ್’ ಹೇಳಿ. ಹೇಳದೆ ನೇರ ಬೆಲೆ ಕೇಳಿದರೆ ಅಲ್ಲಿ ಒರಟುತನ ಎಂದುಕೊಳ್ಳುತ್ತಾರೆ. ಮಧ್ಯಾಹ್ನದ ಊಟ 12ರಿಂದ 2, ರಾತ್ರಿಯದು ಏಳರ ಮೇಲೆ. ನಡುವೆ ಅಡುಗೆಮನೆ ಬಾಗಿಲು ಹಾಕಿರುತ್ತದೆ. ಮಕ್ಕಳಿದ್ದರೆ ಇದನ್ನು ಮರೆಯಬೇಡಿ. ಭಾನುವಾರ ಮಧ್ಯಾಹ್ನದ ಮೇಲೆ ಸಣ್ಣ ಊರುಗಳಲ್ಲಿ ಅಂಗಡಿ ತೆರೆದಿರುವುದು ಕಡಿಮೆ, ಸೋಮವಾರವೂ ಹಲವು ಮುಚ್ಚಿರುತ್ತವೆ. ಬ್ರೆಡ್ಡು, ಹಣ್ಣು, ಮೊಸರು ಶನಿವಾರವೇ ತಂದಿಡಿ.

ಈ ಸೀಮೆಯಲ್ಲಿ ನಮ್ಮ ಕೈ ಹಿಡಿಯುವುದು ಗಾಲೆತ್. ಬಕ್‌ವೀಟ್ ಹಿಟ್ಟಿನ ತೆಳು ದೋಸೆ ಎನ್ನಿ. ಕಾದ ಕಲ್ಲಿನ ಮೇಲೆ ಹಿಟ್ಟು ಸುರಿದು ಮರದ ಕೋಲಿನಿಂದ ಹರಡುತ್ತಾರೆ, ಅಂಚು ಗರಿಗರಿಯಾಗುತ್ತದೆ. ಮೆನುವಿನಲ್ಲಿ ಮೊದಲಿರುವ ‘ಕೊಂಪ್ಲೆತ್’ನಲ್ಲಿ ಹಂದಿಮಾಂಸ, ಮೊಟ್ಟೆ, ಚೀಸ್ ಇರುತ್ತದೆ. ಅದರ ಬದಲು ಚೀಸ್, ಅಣಬೆ, ಪಾಲಕ್ ಹಾಕಿಸಿಕೊಳ್ಳಿ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’ ಅಂದರೆ ಮಾಂಸ ಬೇಡ, ಮೀನು ಬೇಡ. ಮೊಟ್ಟೆಯೂ ಬೇಡವಾದರೆ ‘ಸಾಂ ಅಫ್’ ಸೇರಿಸಿ. ತರಕಾರಿ ಸೂಪಿಗೂ ಮಾಂಸದ ಸಾರು ಹಾಕಿರಬಹುದು, ಕೇಳಿ ತಿನ್ನಿ. ನೀರಿಗೆ ದುಡ್ಡು ಕೊಡಬೇಕಿಲ್ಲ, ‘ಕರಾಫ್ ದೋ’ ಎಂದರೆ ಜಗ್ಗಿನಲ್ಲಿ ನಲ್ಲಿ ನೀರು ತಂದಿಡುತ್ತಾರೆ.

6. ಮೋಂ ಸ್ಯಾಂ ಮಿಶೆಲ್‌ನ ಆ ರಾತ್ರಿ

ದಡದ ಕಡೆ, ಸೇತುವೆಗೆ ಹತ್ತಿರದ ಹೋಟೆಲ್ ಹಿಡಿಯಿರಿ. ಗುಡ್ಡದ ಮೇಲಿನವು ಬಲು ದುಬಾರಿ. ಉಚಿತ ಬಸ್ಸು ಓಡುತ್ತದೆ, ಆದರೆ ಒಂದು ಸಲವಾದರೂ ನಡೆದು ಹೋಗಿ. 2014ರಲ್ಲಿ ತೆರೆದ ಹೊಸ ಸೇತುವೆಯ ಮೇಲೆ ನಡೆಯುತ್ತಿದ್ದರೆ ಗುಡ್ಡ ನಿಧಾನವಾಗಿ ದೊಡ್ಡದಾಗುತ್ತಾ ಬರುತ್ತದೆ. ತುದಿಯ ಮಠಕ್ಕೆ ಸುಮಾರು 350 ಮೆಟ್ಟಿಲು. ಹಿರಿಯರು ಜೊತೆಗಿದ್ದರೆ ಮೊದಲೇ ಹೇಳಿ. ಮಠದ ಟಿಕೆಟ್ ಆನ್‌ಲೈನ್‌ನಲ್ಲಿ ಹೊತ್ತು ಗೊತ್ತುಮಾಡಿ ಕೊಳ್ಳಿ. ಮೇ 1ರಂದು ಅದು ಮುಚ್ಚಿರುತ್ತದೆ.

ಸಂಜೆ ಐದರ ಮೇಲೆ ಪ್ರವಾಸಿ ಬಸ್ಸುಗಳು ಖಾಲಿಯಾಗುತ್ತವೆ. ಉಬ್ಬರಕ್ಕೆ ಒಂದೂವರೆ ಗಂಟೆ ಮೊದಲು ಕೋಟೆ ಗೋಡೆ ಹತ್ತಿ ನಿಲ್ಲಿ. ಮೊದಲು ದೂರದಲ್ಲಿ ಒಂದು ಬೆಳ್ಳಿ ಗೆರೆ. ಆಮೇಲೆ ಸದ್ದು. ಆಮೇಲೆ ಮರಳಿನ ಕಾಲುವೆಗಳಲ್ಲಿ ನೀರು ಓಡುತ್ತಾ ಬಂದು ಗೋಡೆಯ ಬುಡ ಸುತ್ತುತ್ತದೆ. ಮರಳಿನ ಮೇಲೆ ನಡೆಯುವ ಆಸೆಯಿದ್ದರೆ ಪರವಾನಗಿ ಇರುವ ಗೈಡ್ ಜೊತೆಗೆ ಮಾತ್ರ ಹೋಗಿ. ಕಾಲು ಹೂತುಹೋಗುವ ಉಸುಕು ಅಲ್ಲಿದೆ, ನೀರು ಹಿಂದಿನಿಂದಲೂ ಸುತ್ತುವರಿಯುತ್ತದೆ.

7. ಸ್ಯಾಂ ಮಾಲೊ

ಗೋಡೆಯೊಳಗಿನ ಈ ಬಂದರು 1944ರಲ್ಲಿ ಬಹುಪಾಲು ಸುಟ್ಟುಹೋಗಿ, ಮತ್ತೆ ಅದೇ ಗ್ರಾನೈಟ್ ರೂಪದಲ್ಲಿ ಎದ್ದಿತು. 1746ರಲ್ಲಿ ಬ್ರಿಟಿಷರಿಂದ ಮದ್ರಾಸನ್ನು ಕಿತ್ತುಕೊಂಡ ಲಾ ಬುರ್ದೊನೇ ಹುಟ್ಟಿದ ಊರು ಇದು. ಗೋಡೆಯ ಮೇಲಿನ ಸುತ್ತು ಎರಡು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಇಳಿತದಲ್ಲಿ ಎದುರಿನ ಗ್ರಾಂ ಬೇ ದ್ವೀಪಕ್ಕೆ ನಡೆದೇ ಹೋಗಬಹುದು. ಸಾಹಿತಿ ಶಾತೊಬ್ರಿಯಾಂ ಅವರ ಹೆಸರಿಲ್ಲದ ಸಮಾಧಿ ಅಲ್ಲಿದೆ. ದಾರಿಯ ಮೇಲೆ ನೀರು ಕಾಣಿಸಿಕೊಂಡರೆ ದಾಟಬೇಡಿ, ದ್ವೀಪದಲ್ಲೇ ಉಳಿಯಿರಿ. ಮತ್ತೆ ದಾರಿ ತೆರೆಯಲು ಗಂಟೆಗಟ್ಟಲೆ ಕಾಯಬೇಕಾಗುತ್ತದೆ, ಆದ್ದರಿಂದ ಒಂದು ಸ್ವೆಟರ್, ಒಂದು ಬಾಟಲಿ ನೀರು ಚೀಲದಲ್ಲಿರಲಿ.

ಕೊನೆಯ ದಿನ ಮಧ್ಯಾಹ್ನದ ಟಿಜಿವಿ ಹಿಡಿದರೆ ಸಂಜೆಯೊಳಗೆ ಪ್ಯಾರಿಸ್‌ನ ಮೋಂಪಾರ್ನಾಸ್. ಬೆಳಗಿನ ವಿಮಾನವಿದ್ದರೆ ವಿಮಾನ ನಿಲ್ದಾಣದ ಹತ್ತಿರವೇ ರೂಮು ಮಾಡಿ, ಶೂಗಳ ಮರಳು ಅಲ್ಲೇ ಕೊಡವಿಕೊಂಡು ಪ್ಯಾಕ್ ಮಾಡಿ.