ಗ್ಲೌಸಿನ ಕೆಚ್ಚಲು, ಕುರ್ಚಿಯ ಹಸು

ಒಂದು ದಿನ ಬೆಳಿಗ್ಗೆ ನಮ್ಮ ಶಿಶುವಿಹಾರದ ಗೇಟಿನ ಮುಂದೆ ಒಂದು ಎಮ್ಮೆ ಬಂದು ನಿಂತಿತ್ತು. ನಾಲ್ಕು ವರ್ಷದ ಹುಡುಗನೊಬ್ಬ ಒಳಗೆ ಓಡಿ ಬಂದು "ಮಿಸ್, ಆನೆ ಬಂದೈತೆ!" ಎಂದ. ಹಾಸನ ಜಿಲ್ಲೆಯಲ್ಲಿ ಈ ಮಾತಿಗೆ ಸುಮ್ನೆ ನಕ್ಕು ಬಿಡೋ ಹಾಗಿಲ್ಲ. ಸಕಲೇಶಪುರ, ಆಲೂರು, ಬೇಲೂರಿನ ಕಡೆ ಕಾಫಿ ತೋಟಕ್ಕೆ ಆನೆ ನುಗ್ಗೋದು ಹೊಸ ಸುದ್ದಿಯೇನಲ್ಲ. ನಾನೂ ಎದೆ ಹಿಡಿದುಕೊಂಡೇ ಹೊರಗೆ ಬಂದೆ. ನೋಡಿದರೆ ಎಮ್ಮೆ, ನಮ್ಮ ದಾಸವಾಳದ ಗಿಡ ಮೇಯುತ್ತಾ ನಿಂತಿದೆ.

ಆ ಹುಡುಗನಿಗೆ ಎಮ್ಮೆ ಗೊತ್ತಿರಲಿಲ್ಲ ಅಂತಲ್ಲ. ಚಾರ್ಟಿನ ಮೇಲೆ ಬೆರಳಿಟ್ಟರೆ ತಟ್ಟನೆ ಹೆಸರು ಹೇಳುತ್ತಿದ್ದ. ಆದರೆ ಆ ಚಾರ್ಟಿನಲ್ಲಿ ಎಮ್ಮೆ, ಕೋಳಿ, ಮೊಲ ಎಲ್ಲವೂ ಬೆಂಕಿಪೊಟ್ಟಣದಷ್ಟೇ ದೊಡ್ಡವು. ಆಟಕ್ಕೆ ಕೊಟ್ಟಿದ್ದ ಪ್ಲಾಸ್ಟಿಕ್ ಪ್ರಾಣಿಗಳಲ್ಲಂತೂ ಹುಂಜ ಹಸುವಿಗಿಂತ ಎತ್ತರ! ತಪ್ಪು ಅವನದಲ್ಲ, ನನ್ನದು. ಹೆಸರು ಕಲಿಸಿದ್ದೆ, ಪ್ರಾಣಿ ಕಲಿಸಿರಲಿಲ್ಲ.

ಮರುದಿನ ವರಾಂಡದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಹಸು ಬರೆದೆ, ನಿಜವಾದ ಅಳತೆಗೆ. ಮಕ್ಕಳನ್ನು ಅದರೊಳಗೆ ಉದ್ದಕ್ಕೆ ಮಲಗಿಸಿದೆ. ಮೂಗಿನಿಂದ ಬಾಲದ ಬುಡದವರೆಗೆ ಇಬ್ಬರು ಮಲಗಿದರೂ ಜಾಗ ಉಳಿಯಿತು. ಪಕ್ಕದಲ್ಲೇ ಕೋಳಿ ಬರೆದೆ. ಅದರೊಳಗೆ ಒಂದು ಮಗುವಿನ ಪಾದವಿಟ್ಟು, ಚೀಲವಿಟ್ಟು ಅಳೆದರು. ಆ ಹಸುವಿನ ಸುತ್ತ ಒಂದು ವಾರ ಆಟ ನಡೆಯಿತು. ಮಳೆ ಬಂದು ಅಳಿಸಿ ಹೋದಾಗ ಇಬ್ಬರು ಅತ್ತರು.

ಆಮೇಲೆ ಕೊಟ್ಟಿಗೆ ಮಾಡಿದೆವು. ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳೇ ಹಸುಗಳು, ಹಳೇ ಟಬ್ಬೇ ಗೋದಲಿ, ಕತ್ತರಿಸಿದ ಹಸಿರು ಕಾಗದ ಹುಲ್ಲು. ಇಲ್ಲಿ ನನಗೆ ನಿಜಕ್ಕೂ ಉಪಯೋಗಕ್ಕೆ ಬಂದಿದ್ದು ಕೆಲಸಗಳ ಸರದಿ. ಎದ್ದ ಕೂಡಲೇ ಸಗಣಿ ಬಾಚಬೇಕು, ಗಂಜಲ ತೊಳೆಯಬೇಕು, ಹುಲ್ಲು ಹಾಕಬೇಕು, ಕರು ಬಿಡಬೇಕು, ಹಾಲು ಕರೆಯಬೇಕು, ಡೇರಿಗೆ ಹಾಕಿ ಬರಬೇಕು. ಯಾರು ಯಾವ ಕೆಲಸ ಅಂತ ಮಕ್ಕಳೇ ಜಗಳ ಮಾಡಿ ಹಂಚಿಕೊಳ್ಳುತ್ತಾರೆ. ಜಾಸ್ತಿ ಬೇಡಿಕೆ ಸಗಣಿ ಬಾಚೋದಕ್ಕೆ. ಕೆಮ್ಮಣ್ಣು ಕಲಸಿ ಉಂಡೆ ಮಾಡಿಟ್ಟಿದ್ದೆ, ಅದನ್ನು ತಟ್ಟಿ ಗೋಡೆಗೆ ಬೆರಣಿ ಹಾಕಿದರು. ಸಂಜೆ ಬಂದ ಒಬ್ಬ ತಂದೆ ಗೋಡೆ ನೋಡಿ, "ಇದಕ್ಕಾ ಮೇಡಂ ಫೀಸು ಕಟ್ಟಿರೋದು?" ಎಂದರು. ಉತ್ತರ ಹೊಳೆಯಲಿಲ್ಲ, ಗೋಡೆ ತೊಳೆದೆ.

ಒಂದು ಎಚ್ಚರಿಕೆ. ಕೆಲವು ಮಕ್ಕಳಿಗೆ ತಾವೇ ಹಸುವಾಗಬೇಕು, ಕಣ್ಣಿ ಕಟ್ಟಿಸಿಕೊಳ್ಳಬೇಕು. ಕುತ್ತಿಗೆಗೆ ಹಗ್ಗ ಎಂದೂ ಬೇಡ, ಆಟಕ್ಕೂ ಬೇಡ. ಹಳೇ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿ, ಎಳೆದರೆ ಬಿಚ್ಚಿಕೊಳ್ಳುವ ಹಾಗೆ ಬಿಡುತ್ತೇನೆ. ಅದೇ ಕಣ್ಣಿ, ಅದೇ ಬಾಲ.

ಹಾಲು ಕರೆಯೋ ಆಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಯಾಕೆಂದರೆ ಅದರಲ್ಲಿ ನಾನೇ ಕಲಿತೆ. ಬಿಸಾಡುವ ರಬ್ಬರ್ ಗ್ಲೌಸಿಗೆ ನೀರು, ಒಂದು ಚಮಚ ಅಕ್ಕಿಹಿಟ್ಟು ಹಾಕಿ ಬಾಯಿ ಕಟ್ಟಿ, ಕುರ್ಚಿಯ ಸೀಟಿನ ಕೆಳಗೆ ನೇತುಹಾಕಿದೆ. ಬೆರಳ ತುದಿಗಳಿಗೆ ಪಿನ್ನಿನಿಂದ ಸಣ್ಣ ತೂತು. ಐದೂ ಬೆರಳಿಗೆ ತೂತು ಮಾಡಿಬಿಟ್ಟಿದ್ದೆ! ನಮ್ಮ ಆಯಮ್ಮ ಚನ್ನರಾಯಪಟ್ಟಣದ ಕಡೆಯವರು, ಮದುವೆಗೆ ಮುಂಚೆ ಮೂರು ಹಸು ಕರೆದವರು. ನೋಡಿ ನಕ್ಕರು. "ಐದು ತೊಟ್ಟಿನ ಹಸ ಯಾವೂರಲ್ಲಿ ಕಂಡ್ರಿ ಮಿಸ್?" ಹೆಬ್ಬೆರಳನ್ನು ದಾರದಿಂದ ಬಿಗಿದು ಕಟ್ಟಿದರು. ಈಗ ನಾಲ್ಕಾಯಿತು. ಮೇಕೆಗೆ ಎರಡೇ ತೊಟ್ಟು. ಮುಂದಿನ ವಾರ ಇನ್ನೆರಡು ಬೆರಳು ಕಟ್ಟಿ ಮೇಕೆ ಮಾಡಿದೆವು. ಎಣಿಕೆಯ ಪಾಠ ಪುಕ್ಕಟೆ.

ಮಕ್ಕಳು ಮೊದಲು ಗ್ಲೌಸನ್ನು ಜೋರಾಗಿ ಕೆಳಕ್ಕೆ ಎಳೆದರು. ನಾನೂ ಹಾಗೇ ತೋರಿಸಿದ್ದೆ. ಮೊದಲ ಗ್ಲೌಸು ಹರಿದು ನೀರೆಲ್ಲ ಒಬ್ಬಳ ಲಂಗದ ಮೇಲೆ. "ಹಂಗೆ ಎಳುದ್ರೆ ಹಸ ಒದೀದೆ ಬಿಟ್ಟಾದಾ?" ಎನ್ನುತ್ತಾ ಆಯಮ್ಮ ಕುಕ್ಕರುಗಾಲಲ್ಲಿ ಕೂತರು. ತೊಟ್ಟಿನ ಮೇಲ್ಭಾಗವನ್ನು ಹೆಬ್ಬೆರಳು, ತೋರುಬೆರಳಿನಿಂದ ಒತ್ತಿ ಹಿಡಿದರು. ಒಳಗಿನ ಹಾಲು ಮೇಲಕ್ಕೆ ಹೋಗಬಾರದು. ಆಮೇಲೆ ನಡುಬೆರಳು, ಉಂಗುರಬೆರಳು, ಕಿರುಬೆರಳು ಒಂದರ ಹಿಂದೆ ಒಂದು ಮುಚ್ಚಿಕೊಂಡವು. ಚುರ್ ಅಂತ ಲೋಟಕ್ಕೆ ಬಿತ್ತು. ಪುಟ್ಟ ಕೈಗಳಿಗೆ ಇದು ಕಷ್ಟ. ಆದರೂ ಹಟ ಹಿಡಿದು ಮಾಡುತ್ತಾರೆ. ಪೆನ್ಸಿಲ್ ಹಿಡಿಯಲು ಸೋಲುತ್ತಿದ್ದ ಒಂದು ಮಗು ಎರಡು ವಾರ ಬರೀ ಹಾಲು ಕರೆಯಿತು, ನಾನು ಬೇಡ ಅನ್ನಲಿಲ್ಲ.

ಮೆಲುಕು ಹಾಕೋದನ್ನು ಅರ್ಥ ಮಾಡಿಸುವುದು ಸುಲಭ, ಅದು ಅವರಿಗೆ ಹೊಲಸು ತಮಾಷೆ. ಹಸುವಿನ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಹುಲ್ಲನ್ನು ಗಬಗಬ ನುಂಗುತ್ತೆ, ಆಮೇಲೆ ಆರಾಮಾಗಿ ಮಲಗಿ ಬಾಯಿಗೆ ವಾಪಸ್ ತಂದು ಅಗಿಯುತ್ತೆ. ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಇದನ್ನು ಕೇಳಿ ಹಾಲುಹಲ್ಲು ಬಿದ್ದ ಹುಡುಗಿಯೊಬ್ಬಳಿಗೆ ಎಲ್ಲಿಲ್ಲದ ಖುಷಿ. "ನಂಗೂ ಮುಂದೆ ಇಲ್ಲ" ಅಂತ ಇಡೀ ದಿನ ಹಸುವಾಗಿದ್ದಳು.

ಎಲ್ಲವೂ ಚೆನ್ನಾಗಿ ಆಗಲಿಲ್ಲ. ತಟ್ಟೆಯಲ್ಲಿ ರಾಗಿ, ಹುರುಳಿ ಹರಡಿ ಕಣದ ಆಟ ಮಾಡಿದ್ದೆವು. ಮೂರು ವರ್ಷದ ಮಗು ಒಂದು ಹುರುಳಿಕಾಳನ್ನು ಮೂಗಿಗೆ ತೂರಿಸಿಕೊಂಡಿತು. ಮಗು ಅಳಲಿಲ್ಲ, ಹಾಗಾಗಿ ನಮಗೂ ತಿಳಿಯಲಿಲ್ಲ. ಮಧ್ಯಾಹ್ನ ಮೂಗು ಸೋರೋದು ನೋಡಿ ಡಾಕ್ಟರ ಹತ್ತಿರ ಓಡಿದೆವು. ಕಾಳು ಒದ್ದೆಯಲ್ಲಿ ಊದಿಕೊಳ್ಳುತ್ತದೆ, ತೆಗೆಯುವಾಗ ಮಗು ಅತ್ತ ಅಳು ಇನ್ನೂ ಕಿವಿಯಲ್ಲಿದೆ. ಅಂದಿನಿಂದ ಚಿಕ್ಕವರಿಗೆ ಕಾಳಿಲ್ಲ. ರಾಗಿ ತೆನೆ, ಜೋಳದ ತೆನೆ ಇಡಿಯಾಗಿ ಕೊಡುತ್ತೇನೆ, ಉದುರಿಸುವುದು ದೊಡ್ಡವರು ಮಾತ್ರ.

ಆಲೂಗೆಡ್ಡೆ ಇಲ್ಲದೆ ಹಾಸನದಲ್ಲಿ ಹೊಲದ ಆಟವೇ? ಮೇ ತಿಂಗಳಲ್ಲಿ ಇಲ್ಲಿನ ಎಪಿಎಂಸಿಗೆ ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ಬರುತ್ತದೆ. ಪರಿಚಯದ ರೈತರಿಂದ ಹತ್ತು ಗೆಡ್ಡೆ ತಂದು, ಪ್ರತಿ ಹೋಳಲ್ಲೂ ಮೊಳಕೆ ಬರುವ ಕಣ್ಣು ಇರುವ ಹಾಗೆ ಕತ್ತರಿಸಿ, ಜೂನ್‌ನಲ್ಲಿ ಗೋಣಿಚೀಲದ ಮಣ್ಣಿಗೆ ಹಾಕಿಸಿದೆ. ಒಂದು ಚೀಲ ನೀರು ನಿಂತು ಕೊಳೆಯಿತು. ಇನ್ನೊಂದನ್ನು 90 ದಿನ ಬಿಟ್ಟು ಸುರಿದಾಗ ಮಣ್ಣಿನಲ್ಲಿ ಗೆಡ್ಡೆ ಹುಡುಕೋದು ಅವರ ಪಾಲಿಗೆ ನಿಧಿ ಹುಡುಕಿದ ಹಾಗೆ. ಮೂರು ಚಿಕ್ಕವು, ಒಂದು ಮುಷ್ಟಿಯಷ್ಟು. ಆಯಮ್ಮ ಅದನ್ನೇ ಪಲ್ಯ ಮಾಡಿದರು, ಒಬ್ಬೊಬ್ಬರಿಗೆ ಒಂದೊಂದು ಚೂರು ಬಂತು.

ಸಂಕ್ರಾಂತಿಗೆ ಮುಂಚಿನ ಶನಿವಾರ ನಿಜವಾದ ಕೊಟ್ಟಿಗೆಗೆ ಹೋದೆವು, ಊರಿನಿಂದ ಹದಿನೈದು ಕಿಲೋಮೀಟರ್. ಎರಡು ಸೀಮೆಹಸು, ಒಂದು ಜೋಡಿ ಹಳ್ಳಿಕಾರ್ ಎತ್ತು. ಮೊದಲ ವರ್ಷ 22 ಮಕ್ಕಳನ್ನೂ ಒಟ್ಟಿಗೆ ಒಳಗೆ ಬಿಟ್ಟಿದ್ದೆ. ಹಸುಗಳು ಬೆದರಿದವು, ಮಕ್ಕಳೂ ಬೆದರಿದರು. ಈಗ ಏಳೆಂಟು ಮಕ್ಕಳಂತೆ, ಪಕ್ಕದಿಂದ ಹೋಗಿ, ಹಿಂಗಾಲಿನ ಕಡೆ ಎಂದೂ ಇಲ್ಲ. ಹೊಸದಾಗಿ ಕರು ಹಾಕಿದ ಹಸುವಿನ ಹತ್ತಿರ ಯಾರನ್ನೂ ಬಿಡೋಲ್ಲ. ಹೊರಗೆ ಬಂದ ಕೂಡಲೇ ಎಲ್ಲರಿಗೂ ಸೋಪು ಹಾಕಿ ಕೈ ತೊಳೆಯೋದು, ಹಸಿಹಾಲು ಕುಡಿಯೋದಿಲ್ಲ. ಕಾಯಿಸಿದ್ದೇ.

ಕರು ಒಬ್ಬಳ ಕೈ ನೆಕ್ಕಿತು. "ಮಿಸ್, ನಾಲಿಗೆ ತೆಂಗಿನಕಾಯಿ ತುರಿಯೋ ಥರ!" ಎಂದಳು. ಯಾವ ಚಾರ್ಟಿನಲ್ಲಿದೆ ಇದು? ಇನ್ನೊಬ್ಬ ಅಂಗಳದ ಹೇಟೆ ತೋರಿಸಿ, "ಇದನ್ನೇನಾ ನಾವು ತಿನ್ನೋದು?" ಎಂದು ಕೇಳಿದ. ಹೌದು ಎಂದೆ. ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಮೊಟ್ಟೆ ಎಲ್ಲಿಡುತ್ತೆ ಅಂತ ಹುಡುಕಲು ಹೋದ. ಈ ಪ್ರಶ್ನೆಗೆ ಸುಳ್ಳು ಹೇಳಬಾರದು ಅಂತ ನನ್ನ ಅಭಿಪ್ರಾಯ. ನಾಳೆ ಅಂಗಡಿ ಮುಂದೆ ತಾವೇ ನೋಡುತ್ತಾರೆ.

ವಾಪಸ್ ಬರುವಾಗ ಊರ ಡೇರಿ ಮುಂದೆ ಸ್ವಲ್ಪ ನಿಂತೆವು. ಸಾಲು, ಕ್ಯಾನು, ಹಾಲಿನೊಳಗೆ ತೇಲುವ ಲ್ಯಾಕ್ಟೋಮೀಟರ್. ಹಾಲಿಗೆ ನೀರು ಬೆರೆತರೆ ಅದು ಹೆಚ್ಚು ಮುಳುಗುತ್ತೆ, ಡಿಗ್ರಿ ಕಮ್ಮಿ ಬರುತ್ತೆ ಅಂತ ಹೇಳಿದೆ. ಯಾರೂ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಸೋಮವಾರ ಕೊಟ್ಟಿಗೆಯಾಟಕ್ಕೆ ಯಾರೂ ಬರಲಿಲ್ಲ. ಮೇಜು ಎಳೆದು ಡೇರಿ ಹಾಕಿದ್ದರು. ಎಮ್ಮೆಯನ್ನು ಆನೆ ಎಂದಿದ್ದ ಆ ಹುಡುಗನೇ ಸೆಕ್ರೆಟರಿ, ಕೈಯಲ್ಲಿ ಒಂದು ಕ್ರೇಯಾನ್. ನಾನೂ ಸಾಲಿನಲ್ಲಿ ನಿಂತು ಲೋಟ ಕೊಟ್ಟೆ. ಕ್ರೇಯಾನ್ ಮುಳುಗಿಸಿ, ಬಗ್ಗಿ ನೋಡಿ, ಲೋಟ ನನ್ನ ಕಡೆಗೆ ತಳ್ಳಿದ.

"ಡಿಗ್ರಿ ಬಂದಿಲ್ಲ. ನಾಳೆ ನೀರು ಹಾಕ್ದೆ ತಗೊಂಡ್ ಬನ್ನಿ, ಮಿಸ್."