ಹಕ್ಕಿಯ ತೂಕ ಕೂಡಿಸಿದ್ದು

ಘಾನಾ ದೇಶದ ಕುಮಾಸಿಯಲ್ಲಿ ಕೆಲಸಕ್ಕಿದ್ದಾಗ, ಸಮೀಪದ ಕ್ರೋಫೊಫ್ರೊಮ್ ಎಂಬ ಎರಕದವರ ಊರಿಗೆ ರಜೆಯ ದಿನಗಳಲ್ಲಿ ಹೋಗಿ, ಚಿನ್ನದ ಪುಡಿ ತೂಗುವ ಹಿತ್ತಾಳೆಯ ಬಟ್ಟುಗಳನ್ನು ಎರೆಯಲು ಕಲಿತೆ. 19ನೆಯ ಶತಮಾನದ ಕೊನೆಯ ಭಾಗದವರೆಗೂ ಅಲ್ಲಿನ ಅಸಾಂಟೆ ಜನರಿಗೆ ಚಿನ್ನದ ಪುಡಿಯೇ ಹಣವಾಗಿತ್ತು. ಆದ್ದರಿಂದ ವ್ಯಾಪಾರಿಯ ಗಂಟಿನಲ್ಲಿ ಪುಟ್ಟ ತಕ್ಕಡಿ, ಚಮಚ ಮತ್ತು ಬಟ್ಟುಗಳು ಇರಲೇಬೇಕಿತ್ತು. ಅತ್ಯಂತ ಸಣ್ಣ ತೂಕಕ್ಕೆ ಅವರು ಬಳಸುತ್ತಿದ್ದ ‘ದಮ್ಮಾ’ ಬೀಜವನ್ನು ಕೈಗಿಟ್ಟಾಗ ನನಗೆ ನಗು ಬಂತು, ಏಕೆಂದರೆ ಅದು ನಮ್ಮ ಅಕ್ಕಸಾಲಿಗರ ಗುಲಗಂಜಿಯೇ ಆಗಿತ್ತು.

ನಾನು ಆರಿಸಿಕೊಂಡದ್ದು ಹಿಂದಕ್ಕೆ ಕತ್ತು ತಿರುಗಿಸಿದ ಸಂಕೋಫಾ ಹಕ್ಕಿಯನ್ನು. ಹಿತ್ತಾಳೆಯು ಜೇನುಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರವಿರುವುದರಿಂದ, 18 ಗ್ರಾಮಿನ ಬಟ್ಟಿಗೆ 2 ಗ್ರಾಂ ಮೇಣ ಸಾಕೆಂದು ಲೆಕ್ಕ ಹಾಕಿ, ಮೇಣದ ಎಳೆಗಳನ್ನು ಹಲಗೆಯ ಮೇಲೆ ಹೊಸೆದು ಗರಿಗಳನ್ನು ಅಂಟಿಸಿದೆ. ಇದ್ದಿಲ ಪುಡಿ ಬೆರೆಸಿದ ನುಣ್ಣನೆಯ ಜೇಡಿಯನ್ನು ಮೂರು ಸಲ ಬಳಿದು, ಪ್ರತಿ ಸಲವೂ ನೆರಳಿನಲ್ಲಿ ಒಣಗಿಸಿ, ಮೇಲೆ ತಾಳೆಯ ನಾರು ಕಲಸಿದ ಒರಟು ಮಣ್ಣು ಮೆತ್ತಿದೆ. ಈ ಅಚ್ಚನ್ನು ಕಾಯಿಸಿ ಒಳಗಿನ ಮೇಣವನ್ನು ಹೊರಗೆ ಸುರಿದ ಮೇಲೆ, ಹಿತ್ತಾಳೆಯ ಚೂರುಗಳನ್ನು ತುಂಬಿದ ಮೂಸೆಯನ್ನು (ಲೋಹ ಕರಗಿಸುವ ಪಾತ್ರೆಯನ್ನು) ಅಚ್ಚಿನ ಬಾಯಿಗೇ ಕೂಡಿಸಿ ಮಣ್ಣಿನಿಂದ ಮುಚ್ಚುವುದು ಇಲ್ಲಿನ ಪದ್ಧತಿ. ಮೂಸೆ ಕೆಳಗಿರುವಂತೆ ಕುಲುಮೆಯಲ್ಲಿಟ್ಟು, ಲೋಹ ಕರಗಿದೊಡನೆ ಇಕ್ಕಳದಿಂದ ಇಡೀ ಮುದ್ದೆಯನ್ನು ತಲೆಕೆಳಗು ಮಾಡಿದರೆ ಸಾಕು. ಅಚ್ಚೂ ಮೂಸೆಯೂ ಒಟ್ಟಿಗೇ ಕಾದಿರುವುದರಿಂದ ಕೊಕ್ಕಿನಂತಹ ತೆಳು ಜಾಗಕ್ಕೂ ಹಿತ್ತಾಳೆ ಹರಿಯುತ್ತದೆ. ಬೇರೆಯಾಗಿ ಕರಗಿಸಿ ಹೊಯ್ಯುವುದಕ್ಕಿಂತ ಇದು ಜಾಣತನದ ಕೆಲಸವೆಂದು ನನ್ನ ಎಣಿಕೆ.

ಅಚ್ಚು ಒಡೆದಾಗ ಹಕ್ಕಿ ಚೆನ್ನಾಗಿಯೇ ಬಂದಿತ್ತು, ಆದರೆ ಲೋಹ ಇಳಿಯುವ ದಾರಿಗೆಂದು ಮೇಣದಲ್ಲಿ ಮಾಡಿ ಇಟ್ಟಿದ್ದ, ಈಗ ಹಿತ್ತಾಳೆಯಾಗಿದ್ದ ಕಡ್ಡಿಯನ್ನು ಕತ್ತರಿಸಿ ತೂಗಿದರೆ ಸುಮಾರು 15 ಗ್ರಾಂ ಮಾತ್ರ. ಆ ಕಡ್ಡಿಯ ಮೇಣವನ್ನೂ ಹಕ್ಕಿಯ ಜೊತೆಯಲ್ಲೇ ತೂಗಿಬಿಟ್ಟಿದ್ದೆ! ನನಗೆ ಕಲಿಸುತ್ತಿದ್ದ ಹಿರಿಯರು ಬೇಸರಪಡದೆ, ಹಕ್ಕಿಯನ್ನು ಮಗುಚಿ, ಪೀಠದ ಕೆಳಗಿನ ಗುಳಿಗೆ ಕರಗಿದ ಸೀಸವನ್ನು ತೊಟ್ಟಿಕ್ಕಿಸಿದರು. ಹಳೆಯ ಬಟ್ಟುಗಳಲ್ಲಿಯೂ ಇಂತಹ ತೇಪೆಗಳಿವೆ; ತೂಕ ಹೆಚ್ಚಾದ ಕಡೆ ಅರದಿಂದ ಉಜ್ಜಿದ ಗುರುತೂ ಇರುತ್ತದೆ. ನಮ್ಮ ಸೀಸ ತುಸು ಹೆಚ್ಚಾಗಿ ತಟ್ಟೆ ವಾಲಿತು. ಎದುರು ತಟ್ಟೆಗೆ ಎರಡು ಗುಲಗಂಜಿ ಹಾಕಿ ನೋಡಿ, ಅಷ್ಟನ್ನು ಅವರು ಚಾಕುವಿನಿಂದ ಕೆರೆದು ತೆಗೆದರು.